ಬೇರೆ ಧರ್ಮದವರ ಹಬ್ಬಕ್ಕೆ ಕರೆದಿದ್ದಾರೆ, ಹೋಗಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರೊಬ್ಬರು ಹಬ್ಬಕ್ಕೆ ಮನೆಗೆ ಬನ್ನಿ ಎಂದು ಕರೆಯುತ್ತಾರೆ. ಹೋಗಲು ಆಸೆ ಇರುತ್ತದೆ. ಜೊತೆಗೆ ಅಳುಕೂ ಇರುತ್ತದೆ. ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಕೊಟ್ಟಿದ್ದನ್ನು ತಿನ್ನಬಹುದಾ, ಬೇಡ ಎಂದರೆ ನೊಂದುಕೊಳ್ಳುತ್ತಾರಾ ಎಂದೆಲ್ಲ ಯೋಚನೆ. ಕೊನೆಗೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇವೆ. ಕರೆದವರು ಬಾಗಿಲ ಕಡೆ ನೋಡುತ್ತಾ ಇರುತ್ತಾರೆ. ಬರೀ ಗೊತ್ತಿಲ್ಲದ ಕಾರಣಕ್ಕೆ ಹೀಗೆ ತಪ್ಪಿಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅದಕ್ಕೇ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಬೇರೆ ಧರ್ಮದ ಹಬ್ಬಕ್ಕೆ ಹೋದರೆ ನನ್ನ ಧರ್ಮಕ್ಕೆ ದ್ರೋಹ ಮಾಡಿದಂತೆ ಆಗುವುದಿಲ್ಲವೇ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಂಬಿಕೆ ಗಟ್ಟಿಯಾಗಿ ಇರುವವರಿಗೇ ಈ ಪ್ರಶ್ನೆ ಜಾಸ್ತಿ ಕಾಡುತ್ತದೆ.

ನನ್ನ ಉತ್ತರ ಇಷ್ಟು: ಅತಿಥಿಯಾಗಿ ಹೋಗುವುದು ಬೇರೆ, ಆರಾಧನೆ ಮಾಡಲು ಹೋಗುವುದು ಬೇರೆ. ಹಬ್ಬದ ಮನೆಯಲ್ಲಿ ಕೂರುವುದು, ಮಾತಾಡುವುದು, ಊಟ ಮಾಡುವುದು, ಅವರ ಸಂತೋಷ ನೋಡಿ ಸಂತೋಷಪಡುವುದು ಅತಿಥಿಯ ಕೆಲಸ. ಪ್ರಾರ್ಥನೆ, ಪ್ರತಿಜ್ಞೆ, ದೀಕ್ಷೆ ಇವೆಲ್ಲ ನಂಬುವವರ ಕೆಲಸ. ಕರೆದವರು ನಿಮ್ಮಿಂದ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಬಯಸುತ್ತಾರೆ. ಎರಡನೆಯದನ್ನು ನೀವು ಮಾಡಬೇಕಿಲ್ಲ, ಮಾಡಿದಂತೆ ನಟಿಸಲೂ ಬೇಕಿಲ್ಲ.

ಈ ಗೊಂದಲ ಹೊಸದೇನೂ ಅಲ್ಲ. ಬೈಬಲಿನ ಅರಸುಗಳ ಎರಡನೇ ಪುಸ್ತಕದ 5ನೇ ಅಧ್ಯಾಯದಲ್ಲಿ ನಾಮಾನ ಎಂಬ ಸೇನಾಪತಿ ಬರುತ್ತಾನೆ. ಇನ್ನು ಮುಂದೆ ಇಸ್ರಾಯೇಲಿನ ದೇವರನ್ನು ಮಾತ್ರ ಆರಾಧಿಸುತ್ತೇನೆ ಎಂದು ತೀರ್ಮಾನ ಮಾಡಿದವನು. ಆದರೆ ಅವನ ರಾಜ ರಿಮ್ಮೋನ್ ದೇವರ ಗುಡಿಗೆ ಹೋಗುವಾಗ ಇವನ ತೋಳಿನ ಮೇಲೆ ಒರಗಿಕೊಂಡು ಹೋಗುತ್ತಾನೆ. ರಾಜನ ಜೊತೆ ನಾನೂ ಬಗ್ಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಸಿಗಲಿ ಎಂದು ನಾಮಾನ ಕೇಳುತ್ತಾನೆ. ಪ್ರವಾದಿ ಎಲೀಷ ಬೈಯುವುದಿಲ್ಲ. ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿ ಕಳಿಸುತ್ತಾನೆ. ಕುರಾನಿನ 60ನೇ ಅಧ್ಯಾಯದ 8ನೇ ವಚನ, ಧರ್ಮದ ಕಾರಣಕ್ಕೆ ನಿಮ್ಮ ಮೇಲೆ ಯುದ್ಧಕ್ಕೆ ಬರದವರ ಜೊತೆ ಒಳ್ಳೆಯತನದಿಂದ, ನ್ಯಾಯದಿಂದ ನಡೆದುಕೊಳ್ಳುವುದನ್ನು ದೇವರು ತಡೆಯುವುದಿಲ್ಲ ಎನ್ನುತ್ತದೆ. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕ ತನ್ನ 12ನೇ ಶಿಲಾಶಾಸನದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ಹೇಳಿದ್ದಾನೆ. ಪರರ ಧರ್ಮವನ್ನು ಗೌರವಿಸಿದರೆ ನಮ್ಮ ಧರ್ಮವೇ ಬೆಳೆಯುತ್ತದೆ, ಹೀಗಳೆದರೆ ನಮ್ಮದಕ್ಕೇ ಹಾನಿ ಎನ್ನುವುದು ಅವನ ಮಾತು.

ಹಾಗಂತ ಎಲ್ಲ ಧರ್ಮಗಳ ಎಲ್ಲ ಪಂಥಗಳೂ ಒಂದೇ ಉತ್ತರ ಕೊಡುತ್ತವೆ ಎಂದಲ್ಲ. ಬೇರೆಯವರ ಪೂಜೆ ನಡೆಯುವ ಜಾಗಕ್ಕೆ ಕಾಲಿಡಬಾರದು ಎನ್ನುವ ಗುರುಗಳೂ ಇದ್ದಾರೆ. ನೀವು ಅಂಥ ಮಾತಿಗೆ ಬದ್ಧರಾಗಿದ್ದರೆ ಪೂಜೆ ಮುಗಿದ ಮೇಲೆ ಊಟಕ್ಕೆ ಹೋಗಿ, ಇಲ್ಲವೇ ಮರುದಿನ ಮನೆಗೆ ಹೋಗಿ ಹಬ್ಬದ ಶುಭಾಶಯ ಹೇಳಿ. ಹೋಗುವುದಕ್ಕೂ ಹೋಗದಿರುವುದಕ್ಕೂ ನಡುವೆ ಬೇಕಾದಷ್ಟು ಜಾಗ ಇದೆ.

ಯಾರೂ ಕರೆದಿಲ್ಲ. ಸುಮ್ನೆ ನೋಡಲು ಹೋಗಬಹುದಾ?

ಹಬ್ಬ ಯಾವುದು, ಜಾಗ ಯಾವುದು ಎನ್ನುವುದರ ಮೇಲೆ ಹೋಗುತ್ತದೆ. ಸಿಖ್ಖರ ಗುರುದ್ವಾರದ ಬಾಗಿಲು ಯಾವ ಧರ್ಮದವರಿಗೂ ತೆರೆದೇ ಇರುತ್ತದೆ. ಅಲ್ಲಿನ ಲಂಗರಿನಲ್ಲಿ ಯಾರು ಬೇಕಾದರೂ ಕೂತು ಊಟ ಮಾಡಬಹುದು. ಹೆಚ್ಚಿನ ಚರ್ಚುಗಳ ಕ್ರಿಸ್‌ಮಸ್ ಪ್ರಾರ್ಥನೆಗೆ ಯಾರು ಹೋದರೂ ತಡೆಯುವುದಿಲ್ಲ. ಬೌದ್ಧರ ವೈಶಾಖ ಹುಣ್ಣಿಮೆಯಲ್ಲೂ ಹಾಗೇ. ಬಹಾಯಿಗಳ ಪವಿತ್ರ ದಿನಗಳಿಗೆ ಎಲ್ಲರಿಗೂ ಸ್ವಾಗತ ಇದೆ. ಆದರೆ 19 ದಿನಕ್ಕೊಮ್ಮೆ ನಡೆಯುವ ಅವರ ಸಮುದಾಯದ ಸಭೆ ಮುಖ್ಯವಾಗಿ ಅವರಿಗಾಗಿಯೇ ಇರುವಂಥದ್ದು.

ಹೊರಗಿನವರಿಗೆ ಪ್ರವೇಶವೇ ಇಲ್ಲದ ಜಾಗಗಳೂ ಇವೆ. ಮೆಕ್ಕಾ ನಗರಕ್ಕೆ ಮುಸ್ಲಿಮರಿಗೆ ಮಾತ್ರ ಪ್ರವೇಶ. ಪುರಿಯ ಜಗನ್ನಾಥ ದೇವಸ್ಥಾನದ ಒಳಗೆ, ಕಠ್ಮಂಡುವಿನ ಪಶುಪತಿನಾಥನ ಮುಖ್ಯ ಗುಡಿಯ ಒಳಗೆ ಹಿಂದೂಗಳನ್ನು ಮಾತ್ರ ಬಿಡುತ್ತಾರೆ. ಭಾರತದ ಪಾರ್ಸಿ ಅಗ್ನಿಮಂದಿರಗಳಿಗೆ ಪಾರ್ಸಿಗಳಲ್ಲದವರು ಹೋಗುವಂತಿಲ್ಲ. ಅದೇ ಇರಾನಿನ ಯಜ್ದ್ ನಗರದಲ್ಲಿರುವ, ಪಾರ್ಸಿಗಳ ಧರ್ಮದ್ದೇ ಆದ ಅಗ್ನಿಮಂದಿರದಲ್ಲಿ ಸಂದರ್ಶಕರು ಗಾಜಿನ ಆಚೆಯಿಂದ ಬೆಂಕಿಯನ್ನು ನೋಡಬಹುದು. ಒಂದೇ ಧರ್ಮದೊಳಗೇ ಇಷ್ಟು ವ್ಯತ್ಯಾಸ. ಬಾಗಿಲಲ್ಲಿ ತಡೆದರೆ ವಾದ ಮಾಡಬೇಡಿ. ಅದು ಅವರ ಮನೆ.

ಮನೆಯಲ್ಲಿ ನಡೆಯುವ ಹಬ್ಬಕ್ಕೆ ಮಾತ್ರ ಕರೆಯದೆ ಹೋಗಬೇಡಿ. ಆಸೆ ಇದ್ದರೆ, "ನಿಮ್ಮ ಹಬ್ಬ ನೋಡಬೇಕು ಅಂತ ಬಹಳ ದಿನದಿಂದ ಆಸೆ" ಎಂದು ಬಾಯಿಬಿಟ್ಟು ಹೇಳಿ. ಹೆಚ್ಚಿನವರು ಆ ಮಾತಿಗೇ ಕಾಯುತ್ತಿರುತ್ತಾರೆ. ಹೇಗೆ ಕರೆಯುವುದೋ, ಏನಂದುಕೊಳ್ಳುತ್ತಾರೋ ಎಂಬ ಅಳುಕು ಅವರಿಗೂ ಇರುತ್ತದೆ ಅಲ್ವಾ.

ಮೊದಲೇ ಎಲ್ಲ ವಿಚಾರಿಸಿದರೆ ಏನೂ ಗೊತ್ತಿಲ್ಲದವರು ಅಂದುಕೊಳ್ಳುವುದಿಲ್ಲವೇ?

ಅಂದುಕೊಳ್ಳಲಿ ಬಿಡಿ, ಗೊತ್ತಿಲ್ಲ ತಾನೇ! ಕೇಳುವವರನ್ನು ಜನ ಇಷ್ಟಪಡುತ್ತಾರೆ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತು ನಡೆಯುತ್ತದೆ, ಏನು ಹಾಕಿಕೊಂಡು ಬರಬೇಕು, ಏನಾದರೂ ತರಬೇಕಾ, ತರಬಾರದ್ದು ಏನಾದರೂ ಇದೆಯಾ, ನಾನು ಎಲ್ಲಿ ಕೂರಬೇಕು. ಇಷ್ಟು ಕೇಳಿದರೆ ಅರ್ಧ ಭಾರ ಇಳಿಯುತ್ತದೆ. ಎಷ್ಟು ಹೊತ್ತು ಎನ್ನುವುದನ್ನಂತೂ ಮರೆಯಬೇಡಿ. ಯೆಹೂದ್ಯರ ಪಾಸೋವರ್ ಹಬ್ಬದ ರಾತ್ರಿ ಸೆದೆರ್ ಎಂಬ ಊಟ ಇರುತ್ತದೆ. ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಊಟದ ಮೇಜಿನ ಸುತ್ತ ಕೂತು ಓದುತ್ತಾರೆ. ಮನೆಯ ಚಿಕ್ಕ ಮಗು ನಾಲ್ಕು ಪ್ರಶ್ನೆ ಕೇಳುತ್ತದೆ, ಹಾಡು ಇರುತ್ತದೆ. ಮುಖ್ಯ ಊಟ ಬರುವುದು ಇದೆಲ್ಲ ಆದ ಮೇಲೆ. ಹಸಿದುಕೊಂಡು ಹೋದವರಿಗೆ ಕಷ್ಟ.

ಹಬ್ಬದ ತಾರೀಖು ವರ್ಷ ವರ್ಷ ಬದಲಾಗುತ್ತದೆ. ಗೊಂದಲ ಆಗುವುದಿಲ್ಲವೇ?

ಆಗುತ್ತದೆ. ಇಸ್ಲಾಮಿನ ಕ್ಯಾಲೆಂಡರ್ ಪೂರ್ತಿ ಚಂದ್ರನನ್ನು ಅನುಸರಿಸುತ್ತದೆ. ಹಾಗಾಗಿ ರಂಜಾನ್ ಮತ್ತು ಈದ್ ಪ್ರತಿ ವರ್ಷ ಸುಮಾರು 10-11 ದಿನ ಮುಂಚೆ ಬರುತ್ತವೆ. ರಂಜಾನ್ ತಿಂಗಳು 29 ದಿನವೋ 30 ದಿನವೋ ಎನ್ನುವುದನ್ನು ಅನೇಕ ಕಡೆ ಚಂದ್ರ ಕಂಡ ಮೇಲೇ ತೀರ್ಮಾನಿಸುತ್ತಾರೆ. ಆದ್ದರಿಂದ "ನಾಳೆ ಈದ್ ಇರಬಹುದು, ಇಲ್ಲದಿದ್ದರೆ ನಾಡಿದ್ದು" ಎಂದು ಗೆಳೆಯರು ಹೇಳಿದರೆ ಅದು ಅಸಡ್ಡೆಯಲ್ಲ. ಎರಡೂ ದಿನ ಬಿಡುವು ಇಟ್ಟುಕೊಳ್ಳಿ. ಪಶ್ಚಿಮದ ಚರ್ಚುಗಳಲ್ಲಿ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದರೂ ಬರಬಹುದು. ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಹಳೆಯ ಜೂಲಿಯನ್ ಕ್ಯಾಲೆಂಡರ್ ಪಾಲಿಸುವ ರಷ್ಯಾ, ಸರ್ಬಿಯಾದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಅದು ಜನವರಿ 7ಕ್ಕೆ. ಎರಡು ಕ್ಯಾಲೆಂಡರ್‌ಗಳ ನಡುವೆ ಈಗ 13 ದಿನಗಳ ಅಂತರ ಇದೆ. ಯೆಹೂದ್ಯರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಅವರ ಹಬ್ಬಕ್ಕೆ ಹಿಂದಿನ ಸಂಜೆಯೇ ಹೋಗಬೇಕಾಗಬಹುದು.

ಏನು ಹಾಕಿಕೊಂಡು ಹೋಗಲಿ?

ತೋಳು, ಮೊಣಕಾಲು ಮುಚ್ಚುವ, ನೆಲದ ಮೇಲೆ ಕೂತು ಏಳಲು ಸುಲಭವಾಗುವ ಬಟ್ಟೆ ಹೆಚ್ಚಿನ ಕಡೆಗೆ ಸರಿ. ಚಪ್ಪಲಿ ಬಿಡುವ ಜಾಗಗಳು ಜಾಸ್ತಿ, ಆದ್ದರಿಂದ ಶುಭ್ರವಾದ ಕಾಲುಚೀಲ ಇರಲಿ. ಗುರುದ್ವಾರದಲ್ಲಿ ಗಂಡಸು ಹೆಂಗಸು ಎನ್ನದೆ ಎಲ್ಲರೂ ತಲೆ ಮುಚ್ಚಬೇಕು. ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಗಂಡಸರು ಪುಟ್ಟ ಟೋಪಿ ಹಾಕುತ್ತಾರೆ, ಅತಿಥಿಗಳಿಗೆ ಬಾಗಿಲಲ್ಲೇ ಕೊಡುವುದುಂಟು. ಮಸೀದಿಯಲ್ಲಿ ಹೆಂಗಸರು ತಲೆಗೆ ಬಟ್ಟೆ ಹೊದ್ದುಕೊಳ್ಳುತ್ತಾರೆ. ಚರ್ಚಿನಲ್ಲಿ ಇದಕ್ಕೆ ತದ್ವಿರುದ್ಧ, ಗಂಡಸರು ಟೋಪಿ ತೆಗೆಯುವುದು ರೂಢಿ. ಚೀಲದಲ್ಲಿ ಒಂದು ದುಪಟ್ಟಾ ಅಥವಾ ದೊಡ್ಡ ಕರವಸ್ತ್ರ ಇದ್ದರೆ ಸಾಕು. ಗುರುದ್ವಾರಕ್ಕೆ ಹೋಗುವಾಗ ಜೇಬಿನಲ್ಲಿ ಸಿಗರೇಟು ಇದ್ದರೆ ತೆಗೆದಿಟ್ಟು ಹೋಗಿ. ಸಿಖ್ ಧರ್ಮದಲ್ಲಿ ತಂಬಾಕು ನಿಷಿದ್ಧ.

ಅವರ ಧಾರ್ಮಿಕ ಗುರುತುಗಳನ್ನು ಮಾತ್ರ ಅಲಂಕಾರಕ್ಕೆಂದು ಹಾಕಿಕೊಳ್ಳಬೇಡಿ. ಜಪಮಾಲೆ, ಶಿಲುಬೆ, ಪೇಟ ಇವೆಲ್ಲ ಅವರಿಗೆ ವೇಷವಲ್ಲ. ಅವರೇ ಪ್ರೀತಿಯಿಂದ ಹಾಕಿದರೆ ಆ ಮಾತು ಬೇರೆ.

ಎಲ್ಲರೂ ಎದ್ದು ನಿಂತರು, ಮಂಡಿಯೂರಿದರು, ತಲೆ ಬಾಗಿಸಿದರು. ನಾನೇನು ಮಾಡಲಿ?

ಎದ್ದು ನಿಂತರೆ ನೀವೂ ನಿಲ್ಲಿ. ನಿಲ್ಲುವುದು ಮರ್ಯಾದೆ, ಅದರಿಂದ ಯಾವ ಧರ್ಮವೂ ಬದಲಾಗುವುದಿಲ್ಲ. ಕೂತರೆ ಕೂರಿ. ಮಂಡಿಯೂರುವುದು, ನೆಲಕ್ಕೆ ಹಣೆ ಹಚ್ಚುವುದು, ಶಿಲುಬೆಯ ಗುರುತು ಹಾಕಿಕೊಳ್ಳುವುದು, "ಆಮೆನ್" ಎನ್ನುವುದು ಪ್ರಾರ್ಥನೆಯ ಭಾಗ. ಅದನ್ನು ಮಾಡದೆ ಸುಮ್ಮನೆ ಕೂತಿರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಮನಸ್ಸಿಲ್ಲದೆ ಮಾಡುವುದಕ್ಕಿಂತ ಮಾಡದಿರುವುದೇ ಅವರಿಗೆ ಕೊಡುವ ಮರ್ಯಾದೆ ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಅವರು ಪೂರ್ತಿ ಮನಸ್ಸಿಟ್ಟು ಹೇಳುವ ಮಾತನ್ನು ನಾವು ಬಾಯಿಪಾಠದ ಹಾಗೆ ಹೇಳಿದರೆ ಆ ಮಾತಿನ ತೂಕ ಕಡಿಮೆಯಾಗುತ್ತದೆ.

ಎಲ್ಲಿ ಕೂರುತ್ತೀರಿ ಎನ್ನುವುದು ಇಲ್ಲಿ ಬಹಳ ಸಹಾಯ ಮಾಡುತ್ತದೆ. ಮೊದಲ ಸಾಲು ಬೇಡ. ಹಿಂದಿನಿಂದ ಎರಡು ಮೂರನೇ ಸಾಲು ಒಳ್ಳೆಯದು. ಮುಂದಿರುವವರನ್ನು ನೋಡಿಕೊಂಡು ಏಳಬಹುದು, ಕೂರಬಹುದು. ಮಸೀದಿಯಲ್ಲಿ ನಮಾಜು ನಡೆಯುವಾಗ ಹಿಂದೆ ಅಥವಾ ಪಕ್ಕದಲ್ಲಿ ಕೂತು ನೋಡಬಹುದು. ನಮಾಜು ಮಾಡುತ್ತಿರುವವರ ಮುಂದೆ ಹಾದು ಹೋಗಬೇಡಿ. ಗುರುದ್ವಾರದಲ್ಲಿ ಗುರು ಗ್ರಂಥ ಸಾಹಿಬ್ ಕಡೆಗೆ ಕಾಲು ಚಾಚಬಾರದು, ಬೆನ್ನು ತೋರಿಸಿ ಕೂರಬಾರದು. ಅದನ್ನು ಅವರು ಜೀವಂತ ಗುರು ಎಂದೇ ಕಾಣುತ್ತಾರೆ. ಬೌದ್ಧ ವಿಹಾರದಲ್ಲೂ ಬುದ್ಧನ ಮೂರ್ತಿಯ ಕಡೆ ಪಾದ ಚಾಚುವುದಿಲ್ಲ. ಪೂಜೆಯಲ್ಲಿ ಆರತಿ ತಟ್ಟೆ ನಿಮ್ಮ ಮುಂದೆ ಬಂದರೆ ಕೈ ಜೋಡಿಸಿ ಮುಂದಿನವರಿಗೆ ದಾರಿ ಬಿಡಬಹುದು. ಹಣೆಗೆ ಕುಂಕುಮ ಬೇಡ ಎನಿಸಿದರೆ ಮೆಲ್ಲಗೆ ಕೈ ಅಡ್ಡ ಹಿಡಿದು ನಕ್ಕರೆ ಸಾಕು.

ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದ ಸಾಂಪ್ರದಾಯಿಕ ಆರಾಧನೆ ಹೆಚ್ಚಾಗಿ ಮೌನದಲ್ಲೇ ನಡೆಯುತ್ತದೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಮಾತ್ರ ಎದ್ದು ಆಡುತ್ತಾರೆ. ಅಲ್ಲಿ ಅತಿಥಿಯ ಕೆಲಸ ಎಲ್ಲಕ್ಕಿಂತ ಸುಲಭ: ಫೋನ್ ಆಫ್ ಮಾಡಿ ಕೂರುವುದು.

ಚರ್ಚಿನಲ್ಲಿ ರೊಟ್ಟಿ ಕೊಡುತ್ತಾರೆ, ದೇವಸ್ಥಾನದಲ್ಲಿ ಪ್ರಸಾದ ಕೊಡುತ್ತಾರೆ. ತೆಗೆದುಕೊಳ್ಳಬಹುದಾ?

ಇವೆರಡೂ ಒಂದೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಥೋಲಿಕರ ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಹಂಚಿ ತಿನ್ನುವ ತಿನಿಸಲ್ಲ. ಅದು ಕ್ರಿಸ್ತನ ದೇಹವೇ ಎಂದು ಅವರು ನಂಬುತ್ತಾರೆ. ಅದನ್ನು ಸ್ವೀಕರಿಸುವುದು ಎಂದರೆ ಆ ನಂಬಿಕೆಯನ್ನು ಒಪ್ಪಿದೆ ಎಂದು ಎಲ್ಲರ ಮುಂದೆ ಹೇಳಿದಂತೆ. ಹಾಗಾಗಿ ಬೇರೆ ಧರ್ಮದವರು ತೆಗೆದುಕೊಳ್ಳಬಾರದು. ಆರ್ಥೊಡಾಕ್ಸ್ ಚರ್ಚುಗಳಲ್ಲೂ ಅಷ್ಟೇ. ಸಾಲು ಮುಂದೆ ಹೋಗುವಾಗ ನೀವು ನಿಮ್ಮ ಜಾಗದಲ್ಲೇ ಕೂತಿರಿ. ಕೆಲವು ಕಡೆ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಹೋದರೆ ಪಾದ್ರಿ ಬರೀ ಆಶೀರ್ವಾದ ಕೊಡುತ್ತಾರೆ. ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ತರಹ. ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಕೊಡುವವರಿದ್ದಾರೆ. ಯಾರಿಗೆ ಕೊಡುತ್ತೇವೆ ಎಂದು ಅಲ್ಲೇ ಹೇಳುವುದೂ ಉಂಟು, ಕೇಳಿಸಿಕೊಳ್ಳಿ. ಇನ್ನೊಂದು ಸಂಗತಿ: ಆರ್ಥೊಡಾಕ್ಸ್ ಆರಾಧನೆಯ ಕೊನೆಯಲ್ಲಿ ಹರಸಿದ ರೊಟ್ಟಿಯ ತುಂಡು ಹಂಚುತ್ತಾರೆ. ಅದು ಪರಮಪ್ರಸಾದವಲ್ಲ, ಅದನ್ನು ಅತಿಥಿಗಳಿಗೂ ಕೊಡುವ ರೂಢಿ ಅನೇಕ ಕಡೆ ಇದೆ.

ಹಿಂದೂಗಳ ಪ್ರಸಾದ, ಗುರುದ್ವಾರದ ಕಡಾ ಪ್ರಸಾದ ಇದಕ್ಕಿಂತ ಬೇರೆ. ಇಲ್ಲಿ ಕೊಡುವವರ ಕಡೆಯಿಂದ ತಡೆ ಇರುವುದಿಲ್ಲ. ಬಂದವರಿಗೆಲ್ಲ ಕೊಡುತ್ತಾರೆ, ನಿಮ್ಮ ಧರ್ಮ ಯಾವುದೆಂದು ಕೇಳುವುದಿಲ್ಲ. ತೆಗೆದುಕೊಳ್ಳುವವರ ಕಡೆಯಿಂದ ಅಡ್ಡಿ ಇರಬಹುದು. ದೇವರಲ್ಲದವರ ಹೆಸರಿಗೆ ಅರ್ಪಿಸಿದ್ದನ್ನು ತಿನ್ನಬಾರದು ಎನ್ನುವ ನಿಯಮ ಇಸ್ಲಾಮಿನಲ್ಲಿದೆ. ಅನೇಕ ಕ್ರೈಸ್ತರಿಗೂ ಇದೇ ಸಂಕೋಚ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಪೌಲ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ತಿನ್ನಿ, ಆದರೆ ಇದು ದೇವರಿಗೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ತಿನ್ನಬೇಡಿ ಎನ್ನುತ್ತಾನೆ.

ಈ ಸಂಕೋಚ ಇರುವವರ ಮೇಲೆ ಬೇರೆಯವರು ಸಿಟ್ಟಾಗಬಾರದು ಎಂದು ನಾನು ಕೈಮುಗಿದು ಕೇಳುತ್ತೇನೆ. ಪ್ರಸಾದ ಬೇಡ ಎಂದವರು ನಿಮ್ಮ ದೇವರನ್ನು ಬೈದಿಲ್ಲ. ನಿಮ್ಮ ಮನೆಗೆ ಬಂದಿದ್ದಾರೆ, ನಿಮ್ಮ ಜೊತೆ ಕೂತಿದ್ದಾರೆ, ಒಂದು ಗೆರೆ ಮಾತ್ರ ದಾಟಿಲ್ಲ. ತೆಗೆದುಕೊಳ್ಳುವವರು ಬಲಗೈಯಲ್ಲೋ ಎರಡೂ ಕೈಗಳಲ್ಲೋ ತೆಗೆದುಕೊಳ್ಳಿ, ನೆಲಕ್ಕೆ ಬೀಳಿಸಬೇಡಿ, ಅರ್ಧ ತಿಂದು ಕಸಕ್ಕೆ ಎಸೆಯಬೇಡಿ. ಪೂರ್ತಿ ತಿನ್ನಲು ಆಗುವುದಿಲ್ಲ ಎಂದರೆ ಮೊದಲೇ "ಸ್ವಲ್ಪ ಸಾಕು" ಎನ್ನಿ.

ಬೇಡ ಎಂದು ನೋವಾಗದಂತೆ ಹೇಗೆ ಹೇಳುವುದು?

ಚಿಕ್ಕದಾಗಿ, ಬೇಗ, ನಗುತ್ತಾ. "ನಮ್ಮಲ್ಲಿ ಇದನ್ನು ತೆಗೆದುಕೊಳ್ಳುವುದಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮ ಜೊತೆ ಕೂರುವುದಕ್ಕೇ ಬಂದಿದ್ದೇನೆ." ಇಷ್ಟು ಸಾಕು. ಹೊಟ್ಟೆ ಸರಿಯಿಲ್ಲ, ಸಕ್ಕರೆ ಕಾಯಿಲೆ ಇದೆ ಎಂದೆಲ್ಲ ಸುಳ್ಳು ಹೇಳಬೇಡಿ. ಮುಂದಿನ ವರ್ಷವೂ ಅದೇ ಸುಳ್ಳನ್ನು ಕಾಪಾಡಬೇಕಾಗುತ್ತದೆ. ನಿಮ್ಮ ಧರ್ಮಶಾಸ್ತ್ರದ ವಿವರಣೆಯೂ ಅಲ್ಲಿ ಬೇಡ. ಬಹಳ ಒತ್ತಾಯ ಮಾಡಿದರೆ ಮಾತನ್ನು ಬೇರೆ ಕಡೆ ತಿರುಗಿಸಿ: "ಅದು ಬೇಡ, ಒಂದು ಲೋಟ ನೀರು ಕೊಡಿ." ಕೈಗೆ ಏನಾದರೂ ಕೊಟ್ಟ ಸಮಾಧಾನ ಅವರಿಗೂ ಸಿಗುತ್ತದೆ.

ಊಟದಲ್ಲಿ ನನಗೆ ನಿಷೇಧ ಇರುವ ಪದಾರ್ಥ ಇದ್ದರೆ?

ಕರೆದ ದಿನವೇ ಹೇಳಿ. ಬಾಗಿಲಲ್ಲಿ ನಿಂತು ಹೇಳಬೇಡಿ. ಹಲಾಲ್ ಮಾಂಸ ಮಾತ್ರ ತಿನ್ನುವವರು, ಮಾಂಸ ಮತ್ತು ಹಾಲನ್ನು ಒಟ್ಟಿಗೆ ತಿನ್ನದ ಯೆಹೂದ್ಯರು, ಗೆಡ್ಡೆ ಗೆಣಸು ಮುಟ್ಟದ, ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಜೈನರು, ಟೀ ಕಾಫಿ ಕುಡಿಯದ ಮಾರ್ಮನ್ನರು ಎಲ್ಲರಿಗೂ ಇದೇ ಮಾತು. ಹೇಳಿದರೆ ಅಡುಗೆಯವರಿಗೆ ಸುಲಭ. ಹೇಳದೆ ಹೋಗಿ ತಟ್ಟೆ ಖಾಲಿ ಇಟ್ಟುಕೊಂಡು ಕೂತರೆ ಅವರಿಗೆ ನೋವು.

ನೀವು ಸಸ್ಯಾಹಾರಿಯಾಗಿದ್ದು ಈದುಲ್ ಅದ್‌ಹಾ (ಬಕ್ರೀದ್) ದಿನ ಹೋಗುತ್ತಿದ್ದರೆ, ಅಂದು ಕುರ್ಬಾನಿ ಮಾಂಸ ಇರುತ್ತದೆ ಎಂದು ಗೊತ್ತಿರಲಿ. ರೂಢಿಯ ಪ್ರಕಾರ ಅದನ್ನು ಮೂರು ಪಾಲು ಮಾಡುತ್ತಾರೆ: ಮನೆಗೆ, ಬಂಧು ಬಳಗಕ್ಕೆ, ಬಡವರಿಗೆ. ನಿಮಗೆ ನೋಡಲು ಕಷ್ಟ ಎನಿಸಿದರೆ ಸಂಜೆ ಹೋಗಿ, ಸಿಹಿ ತಿಂದು ಬನ್ನಿ. ಅಲ್ಲಿ ಕೂತು ಮಾಂಸಾಹಾರದ ಬಗ್ಗೆ ಚರ್ಚೆ ಮಾತ್ರ ಬೇಡ.

ರಂಜಾನ್ ತಿಂಗಳಲ್ಲಿ ಉಪವಾಸ ಇರುವವರ ಮುಂದೆ ತಿನ್ನಬಹುದಾ? ಇಫ್ತಾರ್‌ಗೆ ಹೋಗಲು ನಾನೂ ಉಪವಾಸ ಇರಬೇಕಾ?

ಇರಬೇಕಿಲ್ಲ. ಇಫ್ತಾರ್‌ಗೆ ಉಪವಾಸ ಇಲ್ಲದವರನ್ನೂ ಕರೆಯುತ್ತಾರೆ. ಸೂರ್ಯ ಮುಳುಗುವ ಹತ್ತು ಹದಿನೈದು ನಿಮಿಷ ಮೊದಲೇ ಹೋಗಿ. ಆ ಕ್ಷಣಕ್ಕೆ ಇಡೀ ದಿನ ಕಾದವರ ಮುಂದೆ ತಡವಾಗಿ ಬಂದು ಬಾಗಿಲು ತಟ್ಟುವುದು ಸರಿಯಲ್ಲ. ಸಾಮಾನ್ಯವಾಗಿ ಖರ್ಜೂರ, ನೀರಿನಿಂದ ಉಪವಾಸ ಬಿಟ್ಟು, ಮಗ್ರಿಬ್ ನಮಾಜು ಮುಗಿಸಿ, ಆಮೇಲೆ ಊಟಕ್ಕೆ ಕೂರುತ್ತಾರೆ. ನಮಾಜಿಗೆ ಎದ್ದುಹೋದಾಗ ನೀವು ಆರಾಮವಾಗಿ ಕೂತಿರಿ.

ಹಗಲಲ್ಲಿ ಅವರ ಮುಂದೆ ತಿನ್ನಬಾರದು ಎಂಬ ಧಾರ್ಮಿಕ ನಿಯಮ ನಿಮ್ಮ ಮೇಲೆ ಇಲ್ಲ. ಹೆಚ್ಚಿನವರು "ನೀವು ತಿನ್ನಿ, ನಮಗೇನೂ ಆಗುವುದಿಲ್ಲ" ಎನ್ನುತ್ತಾರೆ. ಆದರೂ ಪಕ್ಕದಲ್ಲೇ ಕೂತು ತಿನ್ನದಿರುವುದು ಚೆಂದ. ಅವರ ಜೊತೆ ಒಂದು ದಿನ ಉಪವಾಸ ಇದ್ದು ನೋಡುತ್ತೇನೆ ಎನ್ನುವವರೂ ಇದ್ದಾರೆ. ಗೆಳೆತನದಿಂದ ಮಾಡಿದರೆ ಅದು ಒಳ್ಳೆಯ ಅನುಭವ. ಸವಾಲು ಹಾಕಿಕೊಂಡು, ಫೋಟೊ ಹಾಕುವುದಕ್ಕಾಗಿ ಮಾಡಬೇಡಿ.

ಉಡುಗೊರೆ ಏನು ಒಯ್ಯಲಿ?

ಹಣ್ಣು ಅನೇಕ ಕಡೆ ನಡೆಯುತ್ತದೆ, ಆದರೂ ಒಂದು ಮಾತು ಕೇಳಿಯೇ ಒಯ್ಯಿರಿ. ಮುಸ್ಲಿಮರ ಮನೆಗೆ ಮದ್ಯ ಬೇಡ, ಮದ್ಯ ಬೆರೆಸಿದ ಚಾಕೊಲೇಟ್ ಕೂಡ ಬೇಡ. ಜೈನರ ಮನೆಗೆ ಚರ್ಮದ ವಸ್ತು, ಜೇನುತುಪ್ಪ ಬೇಡ. ಪಾಸೋವರ್ ದಿನಗಳಲ್ಲಿ ಯೆಹೂದ್ಯರ ಮನೆಗೆ ಬ್ರೆಡ್, ಕೇಕ್, ಬಿಸ್ಕತ್ತು ಒಯ್ಯಲೇಬೇಡಿ. ಆ ಹಬ್ಬಕ್ಕೆ ಅವರು ಹುಳಿಹಿಟ್ಟಿನ ಒಂದು ಚೂರೂ ಉಳಿಯದಂತೆ ಇಡೀ ಮನೆ ಶುಚಿ ಮಾಡಿರುತ್ತಾರೆ. ನಿಮ್ಮ ಧರ್ಮದ ದೇವರ ಚಿತ್ರ, ಧರ್ಮಗ್ರಂಥ ಹಬ್ಬದ ದಿನದ ಉಡುಗೊರೆಯಲ್ಲ. ಅವರು ಕೇಳಿದರೆ ಇನ್ನೊಂದು ದಿನ ಕೊಡಿ.

ಶುಭಾಶಯ ಹೇಳುವಾಗ ಏನು ನೆನಪಿಟ್ಟುಕೊಳ್ಳಬೇಕು?

ಎಲ್ಲ ಪವಿತ್ರ ದಿನಗಳೂ ಸಂಭ್ರಮದ ದಿನಗಳಲ್ಲ. ಮುಖ್ಯವಾಗಿ ಇದನ್ನು ನೆನಪಿಡಿ. ಮೊಹರಂ ತಿಂಗಳ 10ನೇ ದಿನ ಶಿಯಾ ಮುಸ್ಲಿಮರಿಗೆ ಶೋಕದ ದಿನ. ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹತರಾದ ದಿನ ಅದು. ಗುಡ್ ಫ್ರೈಡೆ ಯೇಸು ಶಿಲುಬೆಗೇರಿದ ದಿನ. ಆ ದಿನಗಳಲ್ಲಿ "ಹಬ್ಬದ ಶುಭಾಶಯ" ಎಂದು ಬಣ್ಣಬಣ್ಣದ ಮೆಸೇಜ್ ಕಳಿಸಬೇಡಿ. ಯೆಹೂದ್ಯರ ಯೋಮ್ ಕಿಪ್ಪುರ್ ದಿನ ಸುಮಾರು 25 ಗಂಟೆ ಅನ್ನ ನೀರು ಬಿಟ್ಟು ಪ್ರಾಯಶ್ಚಿತ್ತದಲ್ಲಿ ಕಳೆಯುತ್ತಾರೆ. ಜೈನರ ಪರ್ಯುಷಣದ ಕೊನೆಯಲ್ಲಿ ಒಬ್ಬರು ಇನ್ನೊಬ್ಬರ ಕ್ಷಮೆ ಕೇಳುತ್ತಾರೆ. ನಿಮ್ಮನ್ನೂ ಕ್ಷಮೆ ಕೇಳಿದರೆ ಗಾಬರಿ ಆಗಬೇಡಿ, ನೀವೂ ಕೇಳಿ.

ಉಳಿದಂತೆ ಕನ್ನಡದಲ್ಲೇ ಮನಸ್ಸಿನಿಂದ ಹೇಳಿದ ಶುಭಾಶಯ ಸಾಕು. ಯೆಹೋವನ ಸಾಕ್ಷಿಗಳ ಪಂಥದವರು ಕ್ರಿಸ್‌ಮಸ್ಸನ್ನೂ ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ. ಹಾಗಾಗಿ ಕ್ರೈಸ್ತರೆಲ್ಲರೂ ಕ್ರಿಸ್‌ಮಸ್ ಮಾಡುತ್ತಾರೆ ಎಂದು ಮೊದಲೇ ತೀರ್ಮಾನ ಮಾಡಬೇಡಿ.

ಫೋಟೊ, ವಿಡಿಯೊ ತೆಗೆಯಬಹುದಾ?

ಕೇಳಿ ತೆಗೆಯಿರಿ. ಪ್ರಾರ್ಥನೆ ನಡೆಯುವಾಗ, ಅಳುತ್ತಿರುವವರದ್ದು, ಮಕ್ಕಳದ್ದು ಬೇಡ. ವಾರದ ವಿಶ್ರಾಂತಿ ದಿನವಾದ ಶಬ್ಬತ್‌ನಂದು ಸಂಪ್ರದಾಯಸ್ಥ ಯೆಹೂದ್ಯರು ಫೋನ್, ಕ್ಯಾಮೆರಾ ಮುಟ್ಟುವುದಿಲ್ಲ. ಅವರ ನಡುವೆ ನೀವೂ ಮುಟ್ಟಬೇಡಿ.

ಗಂಡಸರು ಹೆಂಗಸರು ಬೇರೆ ಬೇರೆ ಕೂರುತ್ತಾರೆ. ಕೈ ಕುಲುಕಲು ಹೋದರೆ ಕೈ ಕೊಡಲಿಲ್ಲ. ಅವಮಾನವಾ?

ಕೈ ಕೊಡದಿದ್ದದ್ದು ಅವಮಾನ ಅಲ್ಲ. ಸಂಪ್ರದಾಯಸ್ಥ ಮುಸ್ಲಿಮರು, ಯೆಹೂದ್ಯರು ಅನೇಕರು ಮನೆಯವರಲ್ಲದ ಗಂಡಸು ಅಥವಾ ಹೆಂಗಸಿನ ಕೈ ಮುಟ್ಟುವುದಿಲ್ಲ. ಥೇರವಾದ ಬೌದ್ಧ ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ. ಅವರು ಕೈ ಚಾಚುವ ತನಕ ಕಾಯಿರಿ, ಇಲ್ಲವೇ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿ.

ಬೇರೆ ಬೇರೆ ಕೂರುವುದು ನಿಮಗೆ ಒಪ್ಪಿಗೆ ಇಲ್ಲದಿರಬಹುದು. ನನಗೂ ಎಲ್ಲ ಕಡೆಯೂ ಒಪ್ಪಿಗೆ ಆಗುವುದಿಲ್ಲ. ಅದನ್ನು ಗೆಳೆಯರ ಜೊತೆ ಇನ್ನೊಂದು ದಿನ ಮನಬಿಚ್ಚಿ ಮಾತಾಡಬಹುದು. ಅವರ ಹಬ್ಬದ ದಿನ, ಅವರ ಹಿರಿಯರ ಮುಂದೆ ಅಲ್ಲ.

ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೆ ಗೊಂದಲ ಆಗುವುದಿಲ್ಲವೇ?

ಮಕ್ಕಳಿಗೆ ಆಗುವ ಗೊಂದಲಕ್ಕಿಂತ ನಮ್ಮ ಭಯ ದೊಡ್ಡದು. "ಇದು ಅವರ ಹಬ್ಬ, ಅವರು ದೇವರನ್ನು ಹೀಗೆ ನೆನೆಯುತ್ತಾರೆ, ನಾವು ಹಾಗೆ ನೆನೆಯುತ್ತೇವೆ" ಎಂದರೆ ಮಗುವಿಗೆ ಅರ್ಥವಾಗುತ್ತದೆ. ಹೋಗುವ ಮೊದಲು ಎರಡು ಮಾತು ಹೇಳಿಕೊಡಿ: ಅಲ್ಲಿರುವ ವಸ್ತುಗಳನ್ನು ಮುಟ್ಟಬಾರದು, ಪ್ರಶ್ನೆ ಇದ್ದರೆ ಮೆಲ್ಲಗೆ ನನ್ನನ್ನು ಕೇಳು. "ಅವರು ಯಾಕೆ ಹೀಗೆ ಮಾಡುತ್ತಾರೆ" ಎಂದು ಮಗು ಜೋರಾಗಿಯೇ ಕೇಳಿಬಿಟ್ಟರೆ ನಾಚಿಕೆ ಬೇಡ. ಮನೆಯವರು ಸಂತೋಷದಿಂದ ಉತ್ತರ ಹೇಳುತ್ತಾರೆ.

ನಾನು ದೇವರನ್ನೇ ನಂಬುವುದಿಲ್ಲ. ನನ್ನನ್ನು ಕರೆದರೆ?

ಹೋಗಿ. ಚರ್ಚೆಗೆ ಅಲ್ಲ, ಗೆಳೆಯರಿಗಾಗಿ. ಮೇಲೆ ಹೇಳಿದ ಎಲ್ಲವೂ ನಿಮಗೂ ಸೇರುತ್ತದೆ.

ಅಲ್ಲಿ ನನ್ನನ್ನು ಅವರ ಧರ್ಮಕ್ಕೆ ಸೇರಿಸಲು ನೋಡಿದರೆ?

ಬಹಳ ಕಡೆ ಹಾಗೆ ಆಗುವುದಿಲ್ಲ. ತಮ್ಮ ನಂಬಿಕೆ ಬಗ್ಗೆ ಉತ್ಸಾಹದಿಂದ ಹೇಳುವುದು ಬೇರೆ, ಒತ್ತಾಯ ಬೇರೆ. ಮೊದಲನೆಯದನ್ನು ಕೇಳಿಸಿಕೊಳ್ಳಿ. ಎರಡನೆಯದಾದರೆ "ಹಬ್ಬಕ್ಕೆ ಬಂದಿದ್ದೇನೆ, ಧರ್ಮ ಬದಲಿಸುವ ಮಾತು ಬೇಡ" ಎಂದು ನೇರವಾಗಿ ಹೇಳಿ. ಬಿಡದಿದ್ದರೆ ಎದ್ದು ಬನ್ನಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ನಂಬಿಕೆಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಅವರ ಧರ್ಮವನ್ನು ನಡೆಸುವ ಸ್ವಾತಂತ್ರ್ಯ ಅವರಿಗೆ, ನಿಮ್ಮದನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ನಿಮಗೆ. ನೀವೂ ಅಲ್ಲಿ ಹೋಗಿ ನಿಮ್ಮ ಧರ್ಮವೇ ಮೇಲು ಎನ್ನಬೇಡಿ.

ಹೋಗಿ ಬಂದದ್ದಕ್ಕೆ ನಮ್ಮವರೇ ಬೈಯುತ್ತಾರೆ. ಏನು ಹೇಳಲಿ?

ಬೈಯುವವರಲ್ಲಿ ಎರಡು ಬಗೆ ಇದ್ದಾರೆ. ನಿಮ್ಮನ್ನು ಕಳೆದುಕೊಳ್ಳುತ್ತೇವೇನೋ ಎಂದು ಹೆದರುವವರು ಒಂದು ಬಗೆ, ಹೆಚ್ಚಾಗಿ ಅಪ್ಪ ಅಮ್ಮ, ಅಜ್ಜಿ. ಅವರ ಜೊತೆ ಜಗಳ ಬೇಡ. ಏನು ನೋಡಿದೆ, ಏನು ಮಾಡಿದೆ, ಏನು ಮಾಡಲಿಲ್ಲ ಎಂದು ಕೂತು ಹೇಳಿ. ವಿವರ ತಿಳಿದರೆ ಭಯ ಕಡಿಮೆಯಾಗುತ್ತದೆ. ಇನ್ನೊಂದು ಬಗೆಯವರಿಗೆ ಆ ಜನರೇ ಬೇಡ, ಹಬ್ಬ ಬರೀ ನೆಪ. ಅಂಥವರಿಗೆ ಲೆಕ್ಕ ಒಪ್ಪಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಧರ್ಮದ ದೊಡ್ಡ ಸಂಸ್ಥೆಗಳೇ ಈ ವಿಷಯದಲ್ಲಿ ಬಹಳ ದೂರ ಬಂದಿವೆ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆಯಲ್ಲಿ, ಬೇರೆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಕಥೋಲಿಕ ಚರ್ಚು ತಳ್ಳಿಹಾಕುವುದಿಲ್ಲ ಎಂದು ಬರೆದಿದೆ. ಈಗ ವ್ಯಾಟಿಕನ್ ಪ್ರತಿ ವರ್ಷ ರಂಜಾನ್, ವೈಶಾಖ, ದೀಪಾವಳಿಗೆ ಶುಭಾಶಯದ ಪತ್ರ ಕಳಿಸುತ್ತದೆ. ಬೌದ್ಧರ ವೈಶಾಖ ದಿನವನ್ನು ವಿಶ್ವಸಂಸ್ಥೆಯ ಮಹಾಸಭೆ 1999ರಲ್ಲಿ ಮಾನ್ಯ ಮಾಡಿತು. ಫೆಬ್ರವರಿಯ ಮೊದಲ ವಾರವನ್ನು ಧರ್ಮಗಳ ನಡುವಿನ ಸಾಮರಸ್ಯಕ್ಕೆಂದು 2010ರಲ್ಲಿ ಮೀಸಲಿಟ್ಟಿತು. ಮನೆಯಲ್ಲಿ ಮಾತು ಬಂದಾಗ ಇವು ಉಪಯೋಗಕ್ಕೆ ಬರುತ್ತವೆ.

ಗೊತ್ತಿಲ್ಲದೆ ಏನಾದರೂ ತಪ್ಪು ಮಾಡಿಬಿಟ್ಟರೆ?

"ಕ್ಷಮಿಸಿ, ಗೊತ್ತಿರಲಿಲ್ಲ" ಎಂದು ಒಮ್ಮೆ ಹೇಳಿ, ಸರಿ ಮಾಡಿಕೊಂಡು ಮುಂದೆ ಹೋಗಿ. ಮತ್ತೆ ಮತ್ತೆ ಕ್ಷಮೆ ಕೇಳಿದರೆ ಅವರು ಹಬ್ಬ ಬಿಟ್ಟು ನಿಮಗೆ ಸಮಾಧಾನ ಹೇಳಬೇಕಾಗುತ್ತದೆ.

ನಾನೇ ಬೇರೆ ಧರ್ಮದವರನ್ನು ನಮ್ಮ ಹಬ್ಬಕ್ಕೆ ಕರೆಯಬೇಕು. ಹೇಗೆ ನೋಡಿಕೊಳ್ಳಲಿ?

ಈ ಪ್ರಶ್ನೆ ಕೇಳುವವರು ಕಡಿಮೆ. ಜಾಸ್ತಿ ಆಗಲಿ ಎಂದು ನನ್ನ ಆಸೆ.

ಕರೆಯುವಾಗಲೇ ನಾಲ್ಕು ವಾಕ್ಯದಲ್ಲಿ ತಿಳಿಸಿ: ಏನು ನಡೆಯುತ್ತದೆ, ಎಷ್ಟು ಹೊತ್ತು, ಊಟ ಯಾವಾಗ, ಏನು ಹಾಕಿಕೊಂಡು ಬಂದರೆ ಒಳ್ಳೆಯದು. "ಪೂಜೆ ಹತ್ತಕ್ಕೆ, ಊಟ ಹನ್ನೆರಡೂವರೆಗೆ. ಎರಡಕ್ಕೂ ಬನ್ನಿ, ಇಲ್ಲ ಊಟಕ್ಕಷ್ಟೇ ಬಂದರೂ ಸಂತೋಷ." ಹೀಗೆ ಎರಡು ಬಾಗಿಲು ತೆರೆದಿಟ್ಟರೆ ಅವರಿಗೆ ಯಾವುದು ಸರಿಯೋ ಅದನ್ನು ಆರಿಸಿಕೊಳ್ಳುತ್ತಾರೆ. ಏನು ತಿನ್ನುವುದಿಲ್ಲ ಎಂದು ಕೇಳಿಕೊಳ್ಳಿ. ಪ್ರಸಾದವನ್ನೂ ಮಾಮೂಲಿ ಅಡುಗೆಯನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಇಟ್ಟು, ಯಾವುದು ಯಾವುದೆಂದು ಮೊದಲೇ ಹೇಳಿ. ನಿಮ್ಮ ಹಬ್ಬದ ದಿನ ಅವರಿಗೆ ಉಪವಾಸ ಇರಬಹುದು, ನೋಡಿಕೊಳ್ಳಿ. ಮುಸ್ಲಿಂ ಗೆಳೆಯರು ಬಂದಿದ್ದು ನಮಾಜಿನ ಹೊತ್ತಾದರೆ ಒಂದು ಕೋಣೆ ಬಿಟ್ಟುಕೊಡಿ.

ಬಂದ ಮೇಲೆ ಅವರ ಪಕ್ಕ ಒಬ್ಬರನ್ನು ಕೂರಿಸಿ. ಏನು ನಡೆಯುತ್ತಿದೆ ಎಂದು ಮೆಲ್ಲಗೆ ಹೇಳುವ, ಮಾತು ಬಲ್ಲ ಒಬ್ಬರು. ಅತ್ತೆಯೋ ತಮ್ಮನೋ ಯಾರಾದರೂ ಸರಿ. ಬಂದವರೆಲ್ಲರ ಮುಂದೆ "ನೋಡಿ, ನಮ್ಮ ಮನೆಗೆ ಬೇರೆ ಧರ್ಮದವರು ಬಂದಿದ್ದಾರೆ" ಎಂದು ಪ್ರದರ್ಶನಕ್ಕೆ ಇಡಬೇಡಿ. ಹೆಸರು ಹೇಳಿ, ನನ್ನ ಗೆಳೆಯ, ನನ್ನ ಗೆಳತಿ ಎಂದು ಪರಿಚಯ ಮಾಡಿಸಿದರೆ ಸಾಕು. ಹೊರಡುವಾಗ ಅವರ ಮುಂದಿನ ಹಬ್ಬ ಯಾವಾಗ ಎಂದು ಕೇಳಿ, ತಾರೀಖು ಬರೆದಿಟ್ಟುಕೊಳ್ಳಿ.